ಐದಡಿ ಎತ್ತರ, 47 ಕಿಲೊ ತೂಕ: ಪಾರ್ಕಿಗೆ ಯಾವ ಸ್ನೋಬೋರ್ಡ್?

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಹತ್ತಿರ. ಈಗ ಇರುವುದು ಅಮೆರಿಕದ ಡೆನ್ವರ್‌ನಲ್ಲಿ. ಹಿಮವನ್ನೇ ಕಾಣದೆ ಬೆಳೆದ ನನಗೆ ಇಲ್ಲಿಗೆ ಬಂದ ಮೇಲೆ ಸ್ನೋಬೋರ್ಡಿಂಗ್ ಹುಚ್ಚು ಹತ್ತಿದೆ. ಎರಡು ಚಳಿಗಾಲ ಬಾಡಿಗೆ ಬೋರ್ಡಿನಲ್ಲೇ ಕಲಿತೆ. ನೀಲಿ ಗುರುತಿನ ಇಳಿಜಾರುಗಳಲ್ಲಿ ಎರಡೂ ಕಡೆ ತಿರುಗಿಸಿಕೊಂಡು ಬೀಳದೆ ಇಳಿಯುತ್ತೇನೆ. ಈ ಸಲ ಟೆರೇನ್ ಪಾರ್ಕಿಗೆ ಹೋಗಿ ಬಾಕ್ಸ್, ಸಣ್ಣ ಜಂಪ್ ಎಲ್ಲ ಕಲಿಯುವ ಆಸೆ. ಎತ್ತರ ಐದಡಿ, ತೂಕ 47 ಕಿಲೊ, ಇಲ್ಲಿನ ಹೆಂಗಸರ ಅಳತೆಯಲ್ಲಿ ಶೂ ಐದೂವರೆ. ನನ್ನಷ್ಟೇ ಎತ್ತರದ ಗೆಳತಿಯೊಬ್ಬಳು ತನ್ನ 147 ಸೆಂಟಿಮೀಟರ್ ಉದ್ದದ ಬೋರ್ಡನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುತ್ತಾಳೆ. ಅವಳ ತೂಕ 64 ಕಿಲೊ, ಶೂ ಎಂಟು. ಅಂಗಡಿಯವನು ಮಕ್ಕಳ ಬೋರ್ಡ್ ಸಾಕು ಅಂದ. ನಮ್ಮ ಯಜಮಾನರು ಗಂಡಸರ ಬೋರ್ಡೇ ಗಟ್ಟಿ, ಅದನ್ನೇ ತಗೋ ಅನ್ನುತ್ತಾರೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಡೆನ್ವರ್, ಕೊಲರಾಡೊ

ಉತ್ತರ: ಗೆಳತಿಯ ಬೋರ್ಡ್ ಖಂಡಿತ ಬೇಡ. ಅರ್ಧ ಬೆಲೆಗಲ್ಲ, ಪುಕ್ಕಟೆ ಕೊಟ್ಟರೂ ಬೇಡ. ಅಂಗಡಿಯವನ ಮಾತಿನಲ್ಲಿ ಅರ್ಧ ಸತ್ಯವಿದೆ, ನಿಮ್ಮ ಯಜಮಾನರ ಮಾತಿನಲ್ಲಿ ಅಷ್ಟೂ ಇಲ್ಲ. ಕಾರಣ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನೀವು ಪತ್ರದಲ್ಲಿ ಮೊದಲು ಎತ್ತರ ಬರೆದಿರಿ, ಆಮೇಲೆ ತೂಕ. ಬೋರ್ಡಿನ ಲೆಕ್ಕದಲ್ಲಿ ಇದು ತಲೆಕೆಳಗು. ಬೋರ್ಡನ್ನು ನೆಟ್ಟಗೆ ನಿಲ್ಲಿಸಿ ಗದ್ದಕ್ಕೂ ಮೂಗಿಗೂ ನಡುವೆ ಬಂದರೆ ಸರಿ ಅನ್ನುವ ಪದ್ಧತಿ ಬಾಡಿಗೆ ಅಂಗಡಿಗಳದು. ಶನಿವಾರ ಬೆಳಗ್ಗೆ ನೂರು ಜನರ ಸಾಲು ನಿಂತಾಗ ಬೇಗ ಮುಗಿಸಲು ಅದು ಸಾಕು. ಆದರೆ ಹಿಮದ ಮೇಲೆ ಬೋರ್ಡಿಗೆ ಗೊತ್ತಾಗುವುದು ಎರಡೇ: ಮೇಲಿನಿಂದ ಎಷ್ಟು ಭಾರ ಬಿತ್ತು, ಆ ಭಾರ ಅಂಚಿನಿಂದ ಎಷ್ಟು ದೂರದಲ್ಲಿ ಬಿತ್ತು. ಮೊದಲನೆಯದು ನಿಮ್ಮ ತೂಕ, ಎರಡನೆಯದು ನಿಮ್ಮ ಪಾದ. ನೀವೂ ಗೆಳತಿಯೂ ಅಕ್ಕಪಕ್ಕ ನಿಂತರೆ ಒಂದೇ ಎತ್ತರ ಇರಬಹುದು. ಬೋರ್ಡಿನ ಮಟ್ಟಿಗೆ ನಿಮ್ಮಿಬ್ಬರ ನಡುವೆ 17 ಕಿಲೊ ಅಂತರವಿದೆ, ಪಾದದಲ್ಲಿ ಎರಡೂವರೆ ಸೆಂಟಿಮೀಟರ್ ಅಂತರವಿದೆ.

ನೀವು ಮಲೆನಾಡಿನವರು, ಸಂಕ ದಾಟಿದವರು. ಎರಡು ಅಡಿಕೆ ಮರ ಹಾಸಿದ ಸಂಕದ ಮೇಲೆ ದೊಡ್ಡವರು ನಡೆದರೆ ಅದು ನಡುವಿನಲ್ಲಿ ಬಗ್ಗಿ ಹೆಜ್ಜೆಗೆ ತಕ್ಕ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ಅದೇ ಸಂಕದ ಮೇಲೆ ಮಗು ನಡೆದರೆ ಅಲುಗುವುದೂ ಇಲ್ಲ. ಫ್ರೀಸ್ಟೈಲ್ ಅಂದರೆ ಈ ಬಗ್ಗಿಸಿ ಚಿಮ್ಮಿಸುವ ಆಟವೇ. ಹಿಂದಿನ ತುದಿ, ಅಂದರೆ ಬಾಲದ ಮೇಲೆ ಭಾರ ಹಾಕಿ ಬೋರ್ಡನ್ನು ಬಿಲ್ಲಿನ ಹಾಗೆ ಬಗ್ಗಿಸಿ ಆ ಎದುರುಬಲದಿಂದ ಮೇಲಕ್ಕೆ ಏಳುವುದು ಆಲಿ. ಪಾರ್ಕಿನಲ್ಲಿ ಜಾರಲೆಂದು ಇಟ್ಟ ಬಾಕ್ಸಿನ ಮೇಲೆ ಒಂದು ತುದಿಯನ್ನು ಎತ್ತಿ ಜಾರುವುದು ಪ್ರೆಸ್. ಸಮತಟ್ಟು ಹಿಮದಲ್ಲಿ ಬೋರ್ಡಿನ ಮುಂದಿನ ತುದಿ, ಅಂದರೆ ಮೂಗಿನ ಮೇಲೆ ಭಾರ ಹಾಕಿ ಸುತ್ತುವುದು ಬಟರ್. ಬೋರ್ಡ್ ನಿಮ್ಮ ಭಾರಕ್ಕೆ ಬಗ್ಗದಿದ್ದರೆ ಇವು ಮೂರೂ ಇಲ್ಲ. 64 ಕಿಲೊ ಬಗ್ಗಿಸುವ 147ರ ಬೋರ್ಡನ್ನು ನೀವು ಬಗ್ಗಿಸಲು ಹೋದರೆ ತೊಡೆ ನೋಯುತ್ತದೆ, ಬೋರ್ಡ್ ಸುಮ್ಮನಿರುತ್ತದೆ. ತಪ್ಪು ತನ್ನದೇ, ತನಗೇ ಶಕ್ತಿ ಸಾಲದು ಅಂದುಕೊಂಡು ಪಾರ್ಕ್ ಬಿಟ್ಟ ಹುಡುಗಿಯರು ಕಡಿಮೆಯಿಲ್ಲ.

ಹಾಗಾದರೆ ಉದ್ದ ಎಷ್ಟು? ಪ್ರತಿ ಕಂಪನಿಯೂ ಪ್ರತಿ ಅಳತೆಗೂ ಇಷ್ಟರಿಂದ ಇಷ್ಟು ಕಿಲೊ ಎಂಬ ಪಟ್ಟಿ ಕೊಟ್ಟಿರುತ್ತದೆ. ಬೋರ್ಡಿನ ಬಣ್ಣ ನೋಡುವ ಮುಂಚೆ ಆ ಪಟ್ಟಿ ನೋಡಿ. ನಿಮ್ಮ ತೂಕ ಅದರ ನಡುವಿಗೆ ಬಂದರೆ ಒಳ್ಳೆಯದು, ಕೆಳತುದಿಗೆ ಬಂದರೆ ಇನ್ನೊಂದು ಅಳತೆ ಇಳಿಯಿರಿ. 47 ಕಿಲೊಗೆ, ಪಾರ್ಕಿನ ಕೆಲಸಕ್ಕೆ, ಅದು ಹೆಚ್ಚುಕಡಿಮೆ 138ರಿಂದ 142 ಸೆಂಟಿಮೀಟರ್ ನಡುವೆ ಬಂದು ನಿಲ್ಲುತ್ತದೆ. ಬಾಕ್ಸ್, ರೇಲ್‌ಗಳೇ ಮುಖ್ಯವಾದರೆ 138-139. ಜಂಪ್ ಮೇಲೆ ಮನಸ್ಸಿದ್ದರೆ, ವೇಗವಾಗಿ ಇಳಿಯುವ ಆಸೆಯೂ ಇದ್ದರೆ 142. ಚಿಕ್ಕ ಬೋರ್ಡ್ ಗಾಳಿಯಲ್ಲಿ ಸುಲಭವಾಗಿ ಸುತ್ತುತ್ತದೆ, ಕಾಲಡಿ ಹಗುರ. ಉದ್ದದ್ದು ನೆಲಕ್ಕೆ ಬಂದಾಗ ಹೆಚ್ಚು ಆಸರೆ ಕೊಡುತ್ತದೆ, ವೇಗದಲ್ಲಿ ಕಡಿಮೆ ಗಡಗಡಿಸುತ್ತದೆ. 139ಕ್ಕೂ 141ಕ್ಕೂ ವ್ಯತ್ಯಾಸ ಹುಡುಕಿ ನಿದ್ದೆ ಕೆಡಿಸಿಕೊಳ್ಳಬೇಡಿ. ಅದಕ್ಕಿಂತ ದೊಡ್ಡ ವಿಷಯ ಅಗಲ.

ಅಗಲದ ಮಾತನ್ನು ಅಂಗಡಿಯಲ್ಲಿ ದೊಡ್ಡ ಪಾದದವರಿಗೆ ಮಾತ್ರ ಹೇಳುತ್ತಾರೆ. ಬೂಟು ಅಂಚಿನ ಹೊರಗೆ ಚಾಚಿದರೆ ತಿರುವಿನಲ್ಲಿ ಹಿಮಕ್ಕೆ ತಗುಲಿ ಬೀಳುತ್ತೀರಿ, ಅಗಲದ ಬೋರ್ಡ್ ತಗೊಳ್ಳಿ ಅಂತ. ಚಿಕ್ಕ ಪಾದದವರ ಸಂಕಟ ಇದರ ಉಲ್ಟಾ, ಅದನ್ನು ಕೇಳುವವರಿಲ್ಲ. ಸ್ವಲ್ಪ ಲೆಕ್ಕ ಹಾಕೋಣ. ಹೆಂಗಸರ ಐದೂವರೆ ಅಂದರೆ ಪಾದದ ಉದ್ದ ಸುಮಾರು 22.5 ಸೆಂಟಿಮೀಟರ್. ಚಿಕ್ಕದಾಗಿ ಕಟ್ಟಿದ ಬೂಟಿನ ಹೊರ ಉದ್ದ 25 ಅಂತ ಇಟ್ಟುಕೊಳ್ಳಿ. ಪಾರ್ಕಿನಲ್ಲಿ ಎರಡೂ ಪಾದವನ್ನು ಹೊರಕ್ಕೆ ಹದಿನೈದು ಡಿಗ್ರಿ ತಿರುಗಿಸಿ ನಿಲ್ಲುವುದು ರೂಢಿ. ಹಾಗೆ ಓರೆ ನಿಂತಾಗ ಆ 25 ಸೆಂಟಿಮೀಟರ್ ಬೂಟು ಬೋರ್ಡಿನ ಅಡ್ಡಕ್ಕೆ ಆವರಿಸುವುದು 24ರ ಸ್ವಲ್ಪ ಮೇಲೆ. ಇನ್ನು ಬೋರ್ಡ್: ಪಟ್ಟಿಯಲ್ಲಿ ಬರೆದಿರುವುದು ನಡುವಿನ ಅಗಲ, ಅಂದರೆ ಅದರ ಅತಿ ಸಪೂರ ಜಾಗದ್ದು. ನಿಮ್ಮ ಕಾಲು ಇರುವುದು ಅಲ್ಲಲ್ಲ, ಬೂಟನ್ನು ಬಿಗಿಯುವ ಬೈಂಡಿಂಗ್ ಕೂರುವ ಜಾಗದಲ್ಲಿ. ಅಲ್ಲಿ ಬೋರ್ಡ್ ಸುಮಾರು ಒಂದು ಸೆಂಟಿಮೀಟರ್ ಹೆಚ್ಚು ಅಗಲ. ನಡು 232 ಮಿಲಿಮೀಟರ್ ಇರುವ ಹೆಂಗಸರ ಬೋರ್ಡಾದರೆ ಕಾಲಡಿಯಲ್ಲಿ 24 ಸೆಂಟಿಮೀಟರ್ ಚಿಲ್ಲರೆ. ನಿಮ್ಮ ಬೂಟು ಒಂದಂಚಿನಿಂದ ಇನ್ನೊಂದಂಚಿಗೆ ಸರಿಯಾಗಿ ಕೂರುತ್ತದೆ. ನಡು 248 ಇರುವ ಗಂಡಸರ ಬೋರ್ಡಾದರೆ ಕಾಲಡಿಯಲ್ಲಿ 26ರ ಹತ್ತಿರ. ಬೆರಳಿನ ಕಡೆ ಮುಕ್ಕಾಲು ಸೆಂಟಿಮೀಟರ್, ಹಿಮ್ಮಡಿ ಕಡೆ ಮುಕ್ಕಾಲು ಸೆಂಟಿಮೀಟರ್ ಬೋರ್ಡ್ ಬೂಟಿನಾಚೆ ಉಳಿಯುತ್ತದೆ.

ಮುಕ್ಕಾಲು ಸೆಂಟಿಮೀಟರ್ ತಾನೆ ಅನ್ನಬೇಡಿ. ಅಂಚು ಹಿಮಕ್ಕೆ ಕಚ್ಚುವುದು ಪಾದದ ಒತ್ತಡದಿಂದ. ಬೂಟು ಅಂಚಿನವರೆಗೆ ಬಂದಿದ್ದರೆ ಕಣಕಾಲು ಸ್ವಲ್ಪ ಬಾಗಿಸಿದರೂ ಬೋರ್ಡ್ ಓರೆಯಾಗುತ್ತದೆ. ಬಂದಿಲ್ಲದಿದ್ದರೆ ಮೊಣಕಾಲು, ಸೊಂಟ, ಕೊನೆಗೆ ಇಡೀ ಮೈ ಎಸೆದು ಓರೆ ಮಾಡಬೇಕು. ತಿರುವು ತಡವಾಗುತ್ತದೆ, ಜಂಪಿನ ಮುಂಚಿನ ಸಣ್ಣ ತಿದ್ದುಪಡಿಗಳು ಕೈಗೆ ಸಿಗುವುದಿಲ್ಲ. ಬಾಡಿಗೆ ಬೋರ್ಡಿನಲ್ಲಿ ಹಿಮ್ಮಡಿ ಕಡೆಯಿಂದ ಬೆರಳ ಕಡೆಗೆ ಹೊರಳುವಾಗ ಒಂದು ಕ್ಷಣ ಏನೂ ಆಗದೆ ನಿಂತಂತೆ ನಿಮಗೆ ಅನ್ನಿಸಿದ್ದರೆ, ಅದಕ್ಕೆ ಕಾರಣ ಬಹುಪಾಲು ಈ ಅಗಲವೇ. ಹಾಗಾಗಿ ನಿಮ್ಮ ಉದ್ದದ ಬೋರ್ಡುಗಳಲ್ಲಿ ನಡು ಎಲ್ಲಕ್ಕಿಂತ ಸಪೂರ ಇರುವುದನ್ನೇ ಮೊದಲು ನೋಡಿ. ನಿಮ್ಮ ಪಾದಕ್ಕೆ ಸಪೂರ ಅತಿಯಾಯಿತು ಅನ್ನುವ ಬೋರ್ಡ್ ದೊಡ್ಡವರ ವಿಭಾಗದಲ್ಲಿ ಸಿಗುವುದೇ ಇಲ್ಲ ಅಂದರೂ ನಡೆದೀತು. 240 ದಾಟಿದ್ದನ್ನು, ಎಷ್ಟೇ ಚೆಂದ ಇರಲಿ, ವಾಪಸ್ ಇಟ್ಟುಬಿಡಿ.

ಗಂಡಸರ ಬೋರ್ಡಿನ ಕಥೆ ಇಲ್ಲಿಗೇ ಮುಗಿಯಿತು. ಗಟ್ಟಿ ಅಂತ ನಿಮ್ಮ ಯಜಮಾನರು ಹೇಳಿದ್ದು ಹೊಗಳಿಕೆ, ಆದರೆ ನಿಮಗೆ ಬೇಡದ್ದೂ ಅದೇ ಗಟ್ಟಿತನ. ಒಂದು ಕಾಲದಲ್ಲಿ ಈ ಮಾತಿಗೆ ಅರ್ಥವಿತ್ತು ಅನ್ನಿ. ಹೆಂಗಸರದು ಅಂತ ಮಾರುತ್ತಿದ್ದವು ಹೆಚ್ಚಿನವು ಗಂಡಸರ ಬೋರ್ಡನ್ನೇ ಮೊಟಕು ಮಾಡಿ, ಮೆತ್ತಗೆ ಮಾಡಿ, ಹೂವಿನ ಚಿತ್ರ ಬರೆದವು. 1990ರ ದಶಕದ ನಡುವೆ ಸಿಮ್ಸ್ ಕಂಪನಿ ಶಾನನ್ ಡನ್, ಟೀನಾ ಬಾಸಿಚ್ ಇಬ್ಬರ ಹೆಸರಿನಲ್ಲೂ ಬೋರ್ಡ್ ತಂದಾಗ ಗಾಳಿ ತಿರುಗಿತು. ಹೆಂಗಸರು ತಮ್ಮ ಅಳತೆಯಲ್ಲಿ, ತಮ್ಮ ಆಟಕ್ಕೆ ಬೋರ್ಡ್ ಕೇಳಿದರೆ ಅದು ಖರ್ಚಾಗುತ್ತದೆ ಅಂತ ಕಂಪನಿಗಳಿಗೆ ಗೊತ್ತಾಯಿತು. 1998ರಲ್ಲಿ ಜಪಾನಿನ ನಗಾನೊದಲ್ಲಿ ಸ್ನೋಬೋರ್ಡಿಂಗ್ ಮೊದಲ ಸಲ ಒಲಿಂಪಿಕ್ಸಿಗೆ ಬಂದಾಗ ಇದೇ ಶಾನನ್ ಡನ್ ಹಾಫ್‌ಪೈಪಿನಲ್ಲಿ ಕಂಚು ಗೆದ್ದರು. ಇನ್ನೂ ಹಿಂದಕ್ಕೆ ಹೋದರೆ ತಮಾಷೆಯ ಸಂಗತಿಯೊಂದಿದೆ. ಸ್ನೋಬೋರ್ಡಿನ ಪೂರ್ವಜ ಅನ್ನಬಹುದಾದ ಸ್ನರ್ಫರ್ ಅನ್ನು ಮಿಶಿಗನ್ನಿನ ಮಸ್ಕೀಗನ್‌ನಲ್ಲಿ ಶರ್ಮನ್ ಪಾಪನ್ ಎಂಬುವರು 1965ರ ಕ್ರಿಸ್‌ಮಸ್ ದಿನ ಮಾಡಿದ್ದು. ಎರಡು ಸ್ಕೀಗಳನ್ನು ಜೋಡಿಸಿ ಕಟ್ಟಿದ್ದು ತಮ್ಮ ಪುಟ್ಟ ಹೆಣ್ಣುಮಕ್ಕಳ ಆಟಕ್ಕೆ. ಹುಡುಗಿಯರ ಆಟಿಕೆಯಾಗಿ ಹುಟ್ಟಿದ ಹಲಗೆ ಮತ್ತೆ ಅವರ ಅಳತೆಗೆ ಬರಲು ಮೂವತ್ತು ವರ್ಷ ಹಿಡಿಯಿತು.

ಮಕ್ಕಳ ಬೋರ್ಡಿನ ವಿಷಯ. ಅಂಗಡಿಯವನು ನಿಮ್ಮನ್ನು ಹಗುರವಾಗಿ ತಗೊಂಡ ಅಂತ ಬೇಸರವಿದ್ದರೆ ಬಿಟ್ಟುಬಿಡಿ. ಅಗಲಕ್ಕೆ, ಉದ್ದಕ್ಕೆ ಅದು ನಿಮಗೆ ಹೊಂದುತ್ತದೆ, ಬೆಲೆಯೂ ಬಹಳ ಕಡಿಮೆ. ತೊಂದರೆ ಇರುವುದು ತೂಕದ ಪಟ್ಟಿಯಲ್ಲಿ. ಹೆಚ್ಚಿನ ಮಕ್ಕಳ ಬೋರ್ಡುಗಳಲ್ಲಿ 47 ಕಿಲೊ ಮೇಲಿನ ತುದಿಗೆ ಬರುತ್ತದೆ. ಬಾಕ್ಸಿನ ಮೇಲೆ ಅದು ಬೆಣ್ಣೆ. ಜಂಪಿನಿಂದ ಇಳಿದಾಗ ಮಾತ್ರ ಬಾಲ ಮಡಿಸಿಕೊಂಡು ಕಾಲಡಿಯಿಂದ ಜಾರಿಹೋಗುತ್ತದೆ, ಆಲಿಗೆ ಚಿಮ್ಮುವ ಬಲವೂ ಇರುವುದಿಲ್ಲ. ದೊಡ್ಡವರ ಬೋರ್ಡಿನದೇ ಕಟ್ಟಡವನ್ನು ಚಿಕ್ಕ ಅಳತೆಯಲ್ಲಿ ತರುವ ಬಗೆಯೂ ಒಂದಿದೆ. ಬರ್ಟನ್ ಕಂಪನಿಯ ಸ್ಮಾಲ್ಸ್ ಅನ್ನುವ ಸಾಲು ಅಂಥದ್ದು. ಅದು ಸಿಕ್ಕರೆ ಬಿಡಬೇಡಿ. ಹುಡುಗರದ್ದು ಅಂತ ಬರೆದಿದ್ದರೆ ಬರೆದಿರಲಿ.

ಇನ್ನು ಬಗ್ಗುವಿಕೆ, ಅಂದರೆ ಫ್ಲೆಕ್ಸ್. ಬೋರ್ಡಿನ ಮೇಲೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟಿರುತ್ತಾರೆ. ಒಂದು ಮೆತ್ತಗೆ, ಹತ್ತು ಬಿರುಸು. ಈ ಅಂಕಕ್ಕೆ ಎಲ್ಲ ಕಂಪನಿಗೂ ಒಪ್ಪಿತವಾದ ಅಳತೆಗೋಲು ಇಲ್ಲ. ಒಬ್ಬರ ನಾಲ್ಕು ಇನ್ನೊಬ್ಬರ ಆರು. ಜೊತೆಗೆ ಆ ಅಂಕ ಕೊಡುವಾಗ ಅವರ ಮನಸ್ಸಿನಲ್ಲಿರುವುದು ಆ ಬೋರ್ಡಿನ ನಡುವಿನ ತೂಕದವಳು. ನೀವು ಅವಳಿಗಿಂತ ಹಗುರವಾದರೆ ಐದು ಅಂದದ್ದು ನಿಮಗೆ ಆರೇಳರ ಹಾಗೆ ಕಾಣುತ್ತದೆ. ಪಾರ್ಕಿಗೆ ಹೊಸಬರಾದ ನಿಮಗೆ ಮೂರು, ನಾಲ್ಕು ಸರಿ. ಎರಡು ಬೇಡ, ವರ್ಷದೊಳಗೆ ಸಾಲದೆ ಬರುತ್ತದೆ.

ಅಂಕಕ್ಕಿಂತ ಕೈ ನಂಬಿ. ಅಂಗಡಿಯಲ್ಲಿ ಬೋರ್ಡಿನ ಬಾಲವನ್ನು ಶೂ ಪಕ್ಕ ನೆಲಕ್ಕೆ ಊರಿ, ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಅಂಗೈಯನ್ನು ನಡುವಿಗಿಟ್ಟು ತಳ್ಳಿ. ಎರಡು ಬೈಂಡಿಂಗ್ ಜಾಗಗಳ ನಡುವೆ ಎಷ್ಟು ಬಗ್ಗಿತು, ಅವುಗಳಿಂದಾಚೆ ಮೂಗು ಬಾಲಗಳು ಎಷ್ಟು ಬಗ್ಗಿದವು ಅಂತ ಬೇರೆ ಬೇರೆಯಾಗಿ ನೋಡಿ. ನಡು ಸ್ವಲ್ಪ ಬಿಗಿ, ತುದಿ ಮೆತ್ತಗೆ ಇದ್ದರೆ ಪ್ರೆಸ್ ಸುಲಭ. ಆಮೇಲೆ ಮೂಗನ್ನು ಎರಡೂ ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಈ ತಿರುಚುವಿಕೆ ಬಹಳ ಜನ ನೋಡುವುದೇ ಇಲ್ಲ. ಚಿಕ್ಕ ಪಾದದವರು ತಿರುವನ್ನು ಶುರು ಮಾಡುವುದೇ ಮುಂಗಾಲಿನಿಂದ ಬೋರ್ಡನ್ನು ಸ್ವಲ್ಪ ತಿರುಚಿ. ಒಳಗಿನ ಗಾಜಿನ ನಾರಿನ ಹಾಸು ಎರಡು ದಿಕ್ಕಿನ ನೇಯ್ಗೆಯದಾದರೆ ಬೋರ್ಡ್ ಸುಲಭವಾಗಿ ತಿರುಚುತ್ತದೆ. ಮೂರು ದಿಕ್ಕಿನದಾದರೆ ಬಿಗಿ. ಬೋರ್ಡಿನ ವಿವರದಲ್ಲಿ ಬೈಯಾಕ್ಸ್, ಟ್ರೈಯಾಕ್ಸ್ ಅಂತ ಬರೆದಿರುತ್ತಾರೆ. ನಿಮಗೆ ಬೈಯಾಕ್ಸ್.

ಕ್ಯಾಂಬರೋ ರಾಕರೋ ಎಂಬ ಜಗಳಕ್ಕೆ ಕೊನೆಯಿಲ್ಲ. ಚುಟುಕಾಗಿ ಹೇಳುತ್ತೇನೆ. ನೆಲದ ಮೇಲಿಟ್ಟಾಗ ನಡು ಮೇಲೆದ್ದು ತುದಿಗಳ ಹತ್ತಿರ ಮಾತ್ರ ನೆಲ ಮುಟ್ಟಿದರೆ ಕ್ಯಾಂಬರ್. ನಡು ನೆಲ ಮುಟ್ಟಿ ತುದಿಗಳು ಬಾಳೆಹಣ್ಣಿನಂತೆ ಎದ್ದಿದ್ದರೆ ರಾಕರ್. ಕ್ಯಾಂಬರ್ ಚಿಮ್ಮುತ್ತದೆ, ಗಟ್ಟಿ ಹಿಮವನ್ನು ಕಚ್ಚುತ್ತದೆ. ಆದರೆ ಆ ಕಮಾನನ್ನು ತಗ್ಗಿಸಲು ಭಾರ ಬೇಕು. ಭಾರ ಸಾಲದಿದ್ದರೆ ತುದಿಯಂಚುಗಳು ಹಿಮಕ್ಕೆ ಸಿಕ್ಕಿ ಪಟ್ಟನೆ ಕೆಡವುತ್ತವೆ. ರಾಕರ್ ಸಿಕ್ಕಿಕೊಳ್ಳುವುದಿಲ್ಲ, ಬಾಕ್ಸಿನ ಮೇಲೆ ಕ್ಷಮಿಸುತ್ತದೆ, ಆದರೆ ಗಟ್ಟಿ ಹಿಮದಲ್ಲಿ ಸೋಪಿನ ಮೇಲೆ ನಿಂತಂತೆ. ಇವೆರಡನ್ನೂ ಬೆರೆಸಿದ ಹೈಬ್ರಿಡ್ ನಿಮಗೆ ಸರಿ: ಕಾಲುಗಳ ನಡುವೆ ರಾಕರ್, ಕಾಲಡಿಯಿಂದ ಹೊರಗೆ ಸಣ್ಣ ಕ್ಯಾಂಬರ್ ಇರುವುದು. ಇನ್ನೆರಡು ಚಳಿಗಾಲ ಕಳೆದು ಜಂಪ್ ಹತ್ತಿದರೆ ಆಗ ನೀವೇ ಕ್ಯಾಂಬರ್ ಕೇಳುತ್ತೀರಿ.

ಆಕಾರ ಮಾತ್ರ ಪೂರ್ತಿ ಟ್ವಿನ್ ಇರಲಿ. ಮೂಗೂ ಬಾಲವೂ ಒಂದೇ ಉದ್ದ, ಒಂದೇ ಬಗ್ಗುವಿಕೆ. ಪಾರ್ಕಿನಲ್ಲಿ ಅರ್ಧ ಹೊತ್ತು ಹಿಂದುಮುಂದಾಗಿ ಇಳಿಯಬೇಕಾಗುತ್ತದೆ. ಅಂಚುಗಳ ಬಾಗು ಎರಡೂ ಕಡೆ ಬೇರೆ ಬೇರೆ ಇರುವ ಅಸಿಮೆಟ್ರಿಕಲ್ ಟ್ವಿನ್ ಅನ್ನುವುದೂ ಬರುತ್ತದೆ. ಅದರಲ್ಲಿ ಹಿಮ್ಮಡಿ ಕಡೆಯ ಬಾಗು ಹೆಚ್ಚು ಆಳ. ಬೆರಳ ಕಡೆಗೆ ಕಣಕಾಲು ಬಾಗಿಸಿದಷ್ಟು ಹಿಮ್ಮಡಿ ಕಡೆಗೆ ಬಾಗಿಸಲು ಮನುಷ್ಯರ ಕಾಲಿಗೆ ಆಗುವುದಿಲ್ಲ. ಆ ಕೊರತೆಯನ್ನು ಬೋರ್ಡೇ ತುಂಬಿಕೊಡಲಿ ಎಂಬ ಆಲೋಚನೆ. ಹಗುರ ಮೈಯವರಿಗೆ ಇದು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ, ಎಲ್ಲರೂ ಒಪ್ಪುವುದಿಲ್ಲ.

ಒಂದು ವಿಷಯ ಹಗುರ ಮೈಯವರಿಗೆ ಯಾರೂ ಹೇಳುವುದಿಲ್ಲ: ವೇಗ. ಒಂದೇ ಇಳಿಜಾರಿನಲ್ಲಿ, ಒಂದೇ ಜಾಗದಿಂದ ಹೊರಟರೆ 80 ಕಿಲೊ ಗಂಡಸು ನಿಮ್ಮನ್ನು ಹಿಂದೆ ಹಾಕುತ್ತಾನೆ. ಹಿಮದ ಘರ್ಷಣೆ ತೂಕದ ಜೊತೆಗೇ ಏರುವುದರಿಂದ ಅಲ್ಲಿ ಇಬ್ಬರೂ ಸಮ. ಗಾಳಿಯ ತಡೆ ಹಾಗಲ್ಲ, ಅದಕ್ಕೆ ಮೈಯ ವಿಸ್ತಾರ ಮುಖ್ಯ. ನಿಮ್ಮ ಮೈ ಅವನದಕ್ಕಿಂತ ಸ್ವಲ್ಪ ಚಿಕ್ಕದು, ತೂಕ ಮಾತ್ರ ಬಹಳ ಕಡಿಮೆ. ಹಾಗಾಗಿ ಗಾಳಿ ನಿಮ್ಮನ್ನೇ ಹೆಚ್ಚು ಹಿಡಿಯುತ್ತದೆ. ಇಳಿಜಾರಿನಲ್ಲಿ ಇದು ದೊಡ್ಡ ವಿಷಯವಲ್ಲ. ಜಂಪಿನಲ್ಲಿ ದೊಡ್ಡ ವಿಷಯ. ವೇಗ ಸಾಲದಿದ್ದರೆ ಇಳಿಜಾರಿನ ಇಳಿತಾಣ ತಲುಪದೆ ಮೇಲಿನ ಸಮತಟ್ಟಿನ ತುದಿಗೆ ಬಂದು ಬೀಳುತ್ತೀರಿ. ಮೊಣಕಾಲಿಗೆ ಬೀಳುವ ಪೆಟ್ಟು ಅಲ್ಲಿಯದು.

ಆದ್ದರಿಂದ ಬೋರ್ಡಿನ ಅಡಿಹಾಸನ್ನು ನೋಡಿ. ಎಕ್ಸ್‌ಟ್ರೂಡೆಡ್ ಅಂದರೆ ಅಗ್ಗ, ನಿರ್ವಹಣೆ ಸುಲಭ, ವೇಗ ಕಡಿಮೆ. ಸಿಂಟರ್ಡ್ ಅಂದರೆ ಮೇಣ ಹೀರಿಕೊಳ್ಳುತ್ತದೆ, ಮೇಣ ಹಾಕುತ್ತಿದ್ದರೆ ಬಹಳ ವೇಗ, ಹಾಕದೆ ಬಿಟ್ಟರೆ ಒಣಗಿ ಎಕ್ಸ್‌ಟ್ರೂಡೆಡ್‌ಗಿಂತಲೂ ನಿಧಾನ. ಬಾಕ್ಸ್, ರೇಲ್ ಮಾತ್ರ ಅಂದರೆ ಮೊದಲನೆಯದೇ ಸಾಕು. ಕಬ್ಬಿಣಕ್ಕೆ ಉಜ್ಜಿ ಗೀರು ಬಿದ್ದಾಗ ಹೊಟ್ಟೆ ಉರಿಯುವುದಿಲ್ಲ. ಜಂಪ್ ಅಂದರೆ ಸಿಂಟರ್ಡ್, ಮತ್ತು ಮೇಣ ಹಾಕುವುದನ್ನು ಮನೆಯಲ್ಲೇ ಕಲಿಯಿರಿ. ಜಂಪಿಗೆ ಎಷ್ಟು ಮೇಲಿನಿಂದ ಬರಬೇಕು ಅಂತ ತಿಳಿಯಲು ಬೇರೆಯವರ ಬೆನ್ನು ಹಿಡಿದು ಬರುವ ಅಭ್ಯಾಸ ಪಾರ್ಕಿನಲ್ಲಿದೆ. ಯಜಮಾನರ ಬೆನ್ನು ಹಿಡಿಯಬೇಡಿ. ನಿಮ್ಮ ತೂಕದ ಹುಡುಗಿ ಯಾರಾದರೂ ಸಿಕ್ಕರೆ ಅವಳ ಹಿಂದೆ ಹೋಗಿ.

ಇನ್ನು ಎತ್ತರ ಲೆಕ್ಕಕ್ಕೆ ಬರುವ ಒಂದೇ ಜಾಗ, ಕಾಲುಗಳ ನಡುವಿನ ಅಂತರ. ಐದಡಿಯವರಿಗೆ 46ರಿಂದ 48 ಸೆಂಟಿಮೀಟರ್ ಆಸುಪಾಸು ಹಿತವಾಗಿರುತ್ತದೆ. ದೊಡ್ಡ ಬೋರ್ಡಿನಲ್ಲಿ ಬೈಂಡಿಂಗಿನ ತೂತುಗಳನ್ನು ಹೆಚ್ಚಾಗಿ ಇದಕ್ಕಿಂತ ಅಗಲದ ನಿಲುವಿಗೆ ಕೊರೆದಿರುತ್ತಾರೆ. ನಡುವಿನ ತೂತುಗಳಿಗೆ ಬಿಗಿದರೆ ಕಾಲು ಅಗಲ, ಮೊಣಕಾಲು ಬಾಗಿಸಲು ಕಷ್ಟ. ಒಳಕ್ಕೆ ಬಿಗಿದರೆ ಅಂಚಿನ ಬಾಗಿಗೂ ನಿಮ್ಮ ಪಾದಕ್ಕೂ ತಾಳೆ ತಪ್ಪುತ್ತದೆ. ಗೆಳತಿಯ ಬೋರ್ಡ್ ಬೇಡ ಅನ್ನಲು ಇದು ಮೂರನೆಯ ಕಾರಣ. ಬರ್ಟನ್ ಬೋರ್ಡುಗಳಲ್ಲಿ ತೂತಿನ ಬದಲು ಉದ್ದ ತೋಡಿನಂಥ ಚಾನೆಲ್ ಇರುತ್ತದೆ, ಬೇಕಾದಲ್ಲಿ ನಿಲ್ಲಿಸಬಹುದು. ಚಿಕ್ಕ ಮೈಕಟ್ಟಿನವರಿಗೆ ಅದೊಂದು ಅನುಕೂಲ.

ಹೆಸರು ಹೇಳಿ ಅನ್ನುತ್ತೀರಿ, ಗೊತ್ತು. ಮಾದರಿಗಳು ವರ್ಷ ವರ್ಷ ಬದಲಾಗುತ್ತವೆ, ಹಾಗಾಗಿ ಅಳತೆ ನೋಡದೆ ಹೆಸರಿಗೆ ಮರುಳಾಗಬೇಡಿ. ಗ್ನೂ ಕಂಪನಿಯ ಬಿ-ನೈಸ್ ಮೆತ್ತಗಿನ ಅಸಿಮೆಟ್ರಿಕಲ್ ಟ್ವಿನ್, ನಡುವೆ ರಾಕರ್. ನಿಮ್ಮ ಈಗಿನ ಹಂತಕ್ಕೆ ನಾನು ಮೊದಲು ನೋಡುವುದು ಅದನ್ನೇ. ಅದೇ ಕಂಪನಿಯ ಲೇಡೀಸ್ ಚಾಯ್ಸ್ ಅದರ ಅಕ್ಕ: ಇನ್ನಷ್ಟು ಬಿಗಿ, ಇನ್ನಷ್ಟು ಚಿಮ್ಮು, ಬೆಲೆಯೂ ಜಾಸ್ತಿ. 2014ರಲ್ಲಿ ಸೋಚಿಯಲ್ಲಿ, 2018ರಲ್ಲಿ ಪ್ಯಾಂಗ್‌ಚಾಂಗ್‌ನಲ್ಲಿ ಸ್ಲೋಪ್‌ಸ್ಟೈಲ್ ಒಲಿಂಪಿಕ್ ಚಿನ್ನ ಗೆದ್ದ ಜೇಮಿ ಆಂಡರ್ಸನ್ ಹೆಸರಿನ ಜೊತೆ ಬಂದ ಬೋರ್ಡ್ ಅದು. ಈ ಕಂಪನಿಯ ಬೋರ್ಡುಗಳ ಅಂಚು ನೆಟ್ಟಗಿರದೆ ಸಣ್ಣ ಅಲೆಗಳಾಗಿರುತ್ತದೆ. ಭಾರ ಕಡಿಮೆ ಇರುವವರು ಬೆಳಗಿನ ಗಟ್ಟಿ ಹಿಮದಲ್ಲಿ ಜಾರುವುದನ್ನು ಅದು ಸ್ವಲ್ಪ ತಡೆಯುತ್ತದೆ. ಕ್ಯಾಪಿಟಾದ ಬರ್ಡ್ಸ್ ಆಫ್ ಎ ಫೆದರ್ ಪಾರ್ಕಿಗೂ ಆಗುತ್ತದೆ, ಇಡೀ ಬೆಟ್ಟಕ್ಕೂ ಆಗುತ್ತದೆ. ಬರ್ಟನ್ನಿನ ಫೀಲ್‌ಗುಡ್ ಒಳ್ಳೆಯ ಬೋರ್ಡ್, ಆದರೆ ಬಿಗಿ ಹೆಚ್ಚು. ನಿಮಗೆ ಈಗ ಬೇಡ.

ಬೋರ್ಡಿನ ಮುಂಚೆ ಬೂಟು ಕೊಳ್ಳಿ. ಹಣ ಕಡಿಮೆಯಿದ್ದರೆ ಬೋರ್ಡಿನಲ್ಲಿ ಉಳಿಸಿ, ಬೂಟಿನಲ್ಲಿ ಅಲ್ಲ. ಸಂಜೆ ಹೊತ್ತು ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಗೆರೆ ಎಳೆದು ಎರಡೂ ಪಾದ ಅಳೆದುಕೊಳ್ಳಿ. ಆ ಸೆಂಟಿಮೀಟರ್ ಅಳತೆಯೇ ಬೂಟಿನ ಅಳತೆ. ದಪ್ಪ ಕಾಲುಚೀಲ ಹಾಕುತ್ತೇನೆ ಅಂತ ದೊಡ್ಡದು ತಗೊಂಡರೆ ಒಳಗೆ ಹಿಮ್ಮಡಿ ಎದ್ದು, ಮೇಲೆ ಹೇಳಿದ ಅಗಲದ ಲೆಕ್ಕವೆಲ್ಲ ಹಾಳು. ಬೈಂಡಿಂಗ್ ಹೆಂಗಸರ ಸ್ಮಾಲ್. ಬೋರ್ಡ್, ಬೈಂಡಿಂಗ್, ಬೂಟು ಸೇರಿದರೆ ಐದು ಕಿಲೊ ದಾಟುತ್ತದೆ, ಅಂದರೆ ನಿಮ್ಮ ಮೈತೂಕದ ಹತ್ತರಲ್ಲೊಂದು ಪಾಲಿಗೂ ಮೇಲೆ. ಹಾಗಾಗಿ ಬೈಂಡಿಂಗಿನಲ್ಲಿ ಇನ್ನೂರು ಗ್ರಾಂ ಕಡಿಮೆ ಸಿಕ್ಕರೂ ಲಾಭವೇ.

ಕೊಳ್ಳುವ ಕಾಲ ಮಾರ್ಚ್ ಕೊನೆಯಿಂದ. ಹೋದ ವರ್ಷದ ಚಿತ್ರವಿರುವ ಬೋರ್ಡ್ ಆಗ ಬಹಳ ಇಳಿಯುತ್ತದೆ. 138, 139 ಅಳತೆಗಳನ್ನು ಅಂಗಡಿಗಳು ಕಡಿಮೆ ತರಿಸುತ್ತವೆ, ಕಂಡಾಗ ತಡಮಾಡಬೇಡಿ. ಹಳೆಯದಾದರೆ ಅಂಚಿನ ಲೋಹ ಎಲ್ಲಾದರೂ ಬಿರಿದಿದೆಯೇ, ಪದರ ಬಿಟ್ಟಿದೆಯೇ, ಅಡಿಯಲ್ಲಿ ಮರ ಕಾಣುವಷ್ಟು ಗುಳಿ ಇದೆಯೇ ಅಂತ ಬೆರಳಾಡಿಸಿ ನೋಡಿ.

ನೀವಿರುವ ಕಡೆ ಪಾರ್ಕಿಗೆ ಬರವಿಲ್ಲ. ಕೀಸ್ಟೋನ್‌ನ ಎ51, ಬ್ರೆಕನ್‌ರಿಜ್‌ನ ಫ್ರೀವೇ ಎರಡೂ ಹೆಸರಾದವು. ಆದರೆ ಫ್ರೀವೇ ಕಡೆಗೆ ಮೊದಲ ದಿನವೇ ಹೋಗಬೇಡಿ. ಅಲ್ಲಿನ ಜಂಪ್ ದೊಡ್ಡವರದು. ಪಾರ್ಕ್ ಬಾಗಿಲಲ್ಲಿ ಪ್ರತಿಯೊಂದರ ಗಾತ್ರವನ್ನು ಸಣ್ಣದು, ನಡುವಿನದು, ದೊಡ್ಡದು ಅಂತ ಗುರುತು ಹಾಕಿರುತ್ತಾರೆ, ಸಣ್ಣದರಲ್ಲೇ ಒಂದು ತಿಂಗಳು ಕಳೆಯಿರಿ. ಕಾಪರ್ ಮೌಂಟನ್‌ನಲ್ಲಿ ವುಡ್‌ವರ್ಡ್‌ನವರ ಒಳಾಂಗಣ ಶಾಲೆಯಿದೆ. ಟ್ರ್ಯಾಂಪೊಲಿನ್ ಮೇಲೆ, ಸ್ಪಂಜಿನ ಗುಂಡಿಯೊಳಗೆ ಬಿದ್ದು ಕಲಿಯಬಹುದು. ಹೆಲ್ಮೆಟ್ ಹಾಕುತ್ತೀರಿ ಅಂದುಕೊಂಡಿದ್ದೇನೆ. ಮಣಿಕಟ್ಟಿನ ಕವಚವನ್ನೂ ಹಾಕಿ. ಸ್ನೋಬೋರ್ಡಿನಲ್ಲಿ ಹೊಸಬರಿಗೆ ಅತಿ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೆ.

ಬೆಟ್ಟದ ಬುಡದ ಅಂಗಡಿಗಳಲ್ಲಿ ಹೊಸ ಬೋರ್ಡುಗಳನ್ನು ಒಂದು ದಿನದ ಮಟ್ಟಿಗೆ ಡೆಮೊ ಕೊಡುತ್ತಾರೆ. ಕೆಲವು ಕಡೆ ಕೊಂಡರೆ ಆ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುತ್ತಾರೆ, ಮೊದಲೇ ಕೇಳಿಕೊಳ್ಳಿ. ಒಂದೇ ದಿನ ಬೆಳಗ್ಗೆ 139, ಮಧ್ಯಾಹ್ನ 142 ತಗೊಂಡು ಒಂದೇ ಬಾಕ್ಸಿನ ಮೇಲೆ ಹೋಗಿ ನೋಡಿ. ಕೌಂಟರಿನಲ್ಲಿ ಮೊದಲು ತೂಕ, ಆಮೇಲೆ ಬೂಟಿನ ಅಳತೆ ಹೇಳಿ. ಎತ್ತರ ಅವರು ಕೇಳಿದರೆ ಸಾಕು. ಎರಡರಲ್ಲೂ ಮನಸ್ಸು ನಿಲ್ಲದಿದ್ದರೆ ಬೂಟಿನ ಹೊರ ಉದ್ದ, ಎರಡೂ ಬೋರ್ಡಿನ ನಡುವಿನ ಅಗಲ, ತೂಕದ ಪಟ್ಟಿ ಇಷ್ಟನ್ನು ಬರೆದು ಕಳಿಸಿ. ಬಣ್ಣದ ವಿಚಾರ ಬಿಟ್ಟು ಉಳಿದದ್ದಕ್ಕೆ ಉತ್ತರ ಕೊಡುತ್ತೇನೆ.